ಲೈಬ್ರರಿಯ ಅಮೆರಿಕನ್ ಸಂವಿಧಾನ ಕ್ಲಾಸ್: ಸೇರಬಹುದಾ?

ಮೊದಲೇ ಹೇಳಿಬಿಡುತ್ತೇನೆ. ಸಿಟಿಜನ್‌ಶಿಪ್ ಇಂಟರ್‌ವ್ಯೂ ಪಾಸಾದರೆ ಸಾಕು ಅನ್ನುವವರಿಗೆ ಈ ಕ್ಲಾಸ್ ಬೇಕಾಗಿಲ್ಲ. ಪ್ರಶ್ನೆ, ಉತ್ತರ ಎರಡನ್ನೂ ಸರ್ಕಾರವೇ ಪುಕ್ಕಟೆ ಕೊಡುತ್ತದೆ, ಮನೆಯಲ್ಲಿ ಕೂತು ಬಾಯಿಪಾಠ ಮಾಡಿಕೊಂಡು ಹೋಗಬಹುದು. ಆದರೆ ಈ ದೇಶದಲ್ಲಿ ವರ್ಷಗಟ್ಟಲೆ ಇದ್ದು, ಟ್ಯಾಕ್ಸ್ ಕಟ್ಟಿ, ಮಕ್ಕಳನ್ನು ಇಲ್ಲಿನ ಶಾಲೆಗೆ ಕಳಿಸಿ, ಕೋರ್ಟ್ ತಡೆ ಕೊಟ್ಟಿತು, ಪ್ರೆಸಿಡೆಂಟ್ ಆದೇಶ ಹೊರಡಿಸಿದರು ಅಂತ ದಿನಾ ಸುದ್ದಿ ಕೇಳುತ್ತಾ, ಇದಕ್ಕೆಲ್ಲ ಬುಡ ಎಲ್ಲಿದೆ ಅಂತ ಒಮ್ಮೆ ಸರಿಯಾಗಿ ತಿಳಿದುಕೊಳ್ಳಬೇಕು ಅನ್ನಿಸಿದವರು ನೀವಾದರೆ ಖಂಡಿತ ಸೇರಿ. ನನಗೆ ತುಂಬಾ ಇಷ್ಟವಾಯಿತು. ಕೊರತೆಗಳೂ ಇವೆ, ಅವನ್ನೂ ಬರೆಯುತ್ತೇನೆ.

ನ್ಯೂಜೆರ್ಸಿಯಲ್ಲಿ ನಾವಿರುವ ಟೌನ್‌ಶಿಪ್‌ನ ಪಬ್ಲಿಕ್ ಲೈಬ್ರರಿ ವಾರಕ್ಕೊಂದು ಸಂಜೆ ನಡೆಸುವ ಕ್ಲಾಸ್ ಇದು. ಲೈಬ್ರರಿ ಕಾರ್ಡ್ ಇದ್ದರೆ ಫೀಸ್ ಇಲ್ಲ. ಜೆರಾಕ್ಸ್ ಖರ್ಚಿಗೆ ಅಂತ 10 ಡಾಲರ್ ತೆಗೆದುಕೊಳ್ಳುತ್ತಾರೆ, ಅಷ್ಟೇ. ಪಾಠ ಮಾಡುವವರು ಒಬ್ಬ ನಿವೃತ್ತ ಪಬ್ಲಿಕ್ ಡಿಫೆಂಡರ್. ಅಂದರೆ ವಕೀಲರನ್ನು ಇಟ್ಟುಕೊಳ್ಳಲು ದುಡ್ಡಿಲ್ಲದ ಆರೋಪಿಗಳ ಪರವಾಗಿ ಸರ್ಕಾರದ ಖರ್ಚಿನಲ್ಲಿ ವಾದಿಸುವ ವಕೀಲರು. ಹೆಸರು ಬೇಡ, ಮೇಷ್ಟ್ರು ಅಂತಲೇ ಬರೆಯುತ್ತೇನೆ. ವಿದ್ಯಾರ್ಥಿಗಳಲ್ಲಿ ಅರ್ಧಕ್ಕರ್ಧ ಜನ ಗ್ರೀನ್ ಕಾರ್ಡ್‌ನವರು. ಉಳಿದವರು ಇಲ್ಲೇ ಹುಟ್ಟಿ ಬೆಳೆದವರು, ಶಾಲೆಯಲ್ಲಿ ಓದಿದ್ದು ಮರೆತುಹೋಗಿದೆ ಅಂತ ಬಂದವರು. ಈ ಎರಡೂ ಕಡೆಯವರು ಒಂದೇ ರೂಮಿನಲ್ಲಿ ಕೂತು ವಾದ ಮಾಡುವುದರಲ್ಲೇ ಅರ್ಧ ಕಲಿಕೆ ಆಗಿಬಿಡುತ್ತದೆ.

ಪರೀಕ್ಷೆಯ ವಿಷಯ ಬೇಗ ಮುಗಿಸುತ್ತೇನೆ. 2025ರ ಅಕ್ಟೋಬರ್ 20ರಿಂದ ಈಚೆಗೆ ಎನ್-400, ಅಂದರೆ ಪೌರತ್ವದ ಅರ್ಜಿ ಹಾಕಿದವರಿಗೆ ಹೊಸ ಸಿವಿಕ್ಸ್ (ಇಲ್ಲಿನ ಸರ್ಕಾರ, ಇತಿಹಾಸದ) ಪರೀಕ್ಷೆ ಬಂದಿದೆ. 128 ಪ್ರಶ್ನೆಗಳ ಪಟ್ಟಿ ಇರುತ್ತದೆ, ಅದರಲ್ಲಿ 20 ಕೇಳುತ್ತಾರೆ, 12 ಸರಿ ಇರಬೇಕು. ಅದಕ್ಕೂ ಮೊದಲು 100ರ ಪಟ್ಟಿಯಿಂದ 10 ಕೇಳುತ್ತಿದ್ದರು, 6 ಸರಿ ಇದ್ದರೆ ಪಾಸ್. ಎಲ್ಲ ಬಾಯಿಮಾತಿನಲ್ಲೇ ನಡೆಯುತ್ತದೆ. ಸರ್ಕಾರದ ಮೂರು ಅಂಗಗಳು ಯಾವುವು ಅಂತ ಕೇಳಿದರೆ ಕಾಂಗ್ರೆಸ್ (ಅಂದರೆ ಇಲ್ಲಿನ ಸಂಸತ್ತು), ಪ್ರೆಸಿಡೆಂಟ್, ಕೋರ್ಟ್ ಅಂತ ಹೇಳಿ ಮುಂದೆ ಹೋಗಬಹುದು. ಈ ಮೂವರಲ್ಲಿ ಒಬ್ಬರು ಇನ್ನೊಬ್ಬರ ಮಾತು ಯಾಕೆ ಕೇಳಬೇಕು, ಕೇಳದಿದ್ದರೆ ಏನಾಗುತ್ತದೆ ಅಂತ ಪಟ್ಟಿಯಲ್ಲಿ ಯಾರೂ ಕೇಳುವುದಿಲ್ಲ. ಈ ಕ್ಲಾಸ್ ಶುರುವಾಗುವುದೇ ಅಲ್ಲಿಂದ.

ಮೊದಲ ದಿನ ಎಲ್ಲರಿಗೂ ಅಂಗೈಯಗಲದ ಒಂದು ಸಂವಿಧಾನದ ಪ್ರತಿ ಕೊಡುತ್ತಾರೆ. ಎಷ್ಟು ಸಣ್ಣದು ಅಂದರೆ ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬರೆದ ಮೂಲ ಪ್ರತಿ ಇರುವುದು ಬರೀ 4 ದೊಡ್ಡ ಚರ್ಮದ ಹಾಳೆಗಳಲ್ಲಿ. ಒಟ್ಟು 7 ವಿಧಿಗಳು. ಆಮೇಲೆ ಸೇರಿದ ತಿದ್ದುಪಡಿಗಳು ಇಲ್ಲಿಯವರೆಗೆ 27. ಮೇಷ್ಟ್ರು ಮೊದಲು ಕೊಟ್ಟ ಕೆಲಸ ಏನು ಗೊತ್ತಾ? ಇದರಲ್ಲಿ ಏನಿಲ್ಲ ಅಂತ ಹುಡುಕಿ ಅಂದರು. ಎಲ್ಲರೂ ಪುಟ ತಿರುವಿದೆವು. ರಾಜಕೀಯ ಪಕ್ಷಗಳ ಮಾತೇ ಇಲ್ಲ. ಸುಪ್ರೀಂ ಕೋರ್ಟಿನಲ್ಲಿ 9 ಜನ ನ್ಯಾಯಮೂರ್ತಿಗಳು ಇರಬೇಕು ಅಂತ ಎಲ್ಲೂ ಇಲ್ಲ. ಆ ಸಂಖ್ಯೆಯನ್ನು ಕಾಂಗ್ರೆಸ್ ಕಾಯ್ದೆ ಮಾಡಿ ನಿಗದಿ ಮಾಡುತ್ತದೆ, 1789ರಲ್ಲಿ 6 ಇದ್ದದ್ದು 1869ರಿಂದ 9 ಆಗಿ ನಿಂತಿದೆ. ಕಾಂಗ್ರೆಸ್‌ನ ಮೇಲ್ಮನೆಯಾದ ಸೆನೆಟ್‌ನಲ್ಲಿ ಚರ್ಚೆ ನಿಲ್ಲಿಸಲು 60 ಮತ ಬೇಕು ಅನ್ನುವ ನಿಯಮವೂ ಇಲ್ಲ, ಅದು ಸೆನೆಟ್ ತನಗೆ ತಾನೇ ಹಾಕಿಕೊಂಡದ್ದು. ಇಲ್ಲಿನ ರಾಜಕೀಯದಲ್ಲಿ ಕಲ್ಲಿನಲ್ಲಿ ಕೆತ್ತಿದ ಹಾಗೆ ಕಾಣುವ ಎಷ್ಟೋ ಸಂಗತಿಗಳು ಸುಮ್ನೆ ರೂಢಿಯಿಂದ, ಕಾಯ್ದೆಯಿಂದ ಬಂದವು ಅಂತ ಆ ಒಂದೇ ಗಂಟೆಯಲ್ಲಿ ತಿಳಿಯಿತು.

ಇನ್ನೊಂದು ವಿಷಯ ಅವತ್ತೇ ಕಣ್ಣಿಗೆ ಬಿತ್ತು. ಕಾಂಗ್ರೆಸ್ ಬಗ್ಗೆ ಇರುವ ಮೊದಲ ವಿಧಿಯೇ ಎಲ್ಲಕ್ಕಿಂತ ಉದ್ದ. ಪ್ರೆಸಿಡೆಂಟ್ ಬಗ್ಗೆ ಇರುವ ಎರಡನೆಯದು ಅದಕ್ಕಿಂತ ಎಷ್ಟೋ ಚಿಕ್ಕದು. ಕೋರ್ಟ್ ಬಗ್ಗೆ ಇರುವ ಮೂರನೆಯದು ಇನ್ನೂ ಚಿಕ್ಕದು. ಬರೆದವರ ಮನಸ್ಸಿನಲ್ಲಿ ಯಾರು ಮುಖ್ಯ ಆಗಿದ್ದರು ಅನ್ನುವುದು ಉದ್ದದಲ್ಲೇ ಕಾಣುತ್ತದೆ ಅಲ್ವಾ?

ಇಡೀ ಕ್ಲಾಸಿಗೆ ಮೇಷ್ಟ್ರು ಇಟ್ಟುಕೊಂಡಿರುವುದು ಒಂದೇ ಪ್ರಶ್ನೆ. ಯಾವ ನಿಯಮ ಓದಿದರೂ, ಯಾವ ಕೇಸ್ ಬಂದರೂ ಅದನ್ನೇ ಕೇಳುತ್ತಾರೆ: ಇದು ಯಾರ ಕೈ ಕಟ್ಟುತ್ತದೆ? ಮೊದಲೆರಡು ವಾರ ಇದೇನು ಇದನ್ನೇ ಕೇಳುತ್ತಾರಲ್ಲ ಅನ್ನಿಸುತ್ತದೆ. ಆಮೇಲೆ ನಾವೇ ಕೇಳಿಕೊಳ್ಳಲು ಶುರು ಮಾಡುತ್ತೇವೆ. ಈ ಕ್ಲಾಸಿನ ಬೆಲೆ ಇರುವುದೇ ಈ ಪ್ರಶ್ನೆಯಲ್ಲಿ ಅಂತ ನನ್ನ ಅಭಿಪ್ರಾಯ.

ಉದಾಹರಣೆಗೆ ಮೊದಲನೇ ತಿದ್ದುಪಡಿ. ಧರ್ಮ, ಮಾತು, ಪತ್ರಿಕೆ, ಸಭೆ ಸೇರುವುದು, ಸರ್ಕಾರಕ್ಕೆ ಮನವಿ ಕೊಡುವುದು, ಈ ಐದು ಸ್ವಾತಂತ್ರ್ಯಗಳು ಅಲ್ಲಿವೆ. ಗೋದಾಮಿನಲ್ಲಿ ಕೆಲಸ ಮಾಡುವ ಒಬ್ಬರು ಎದ್ದು, ನಮ್ಮಲ್ಲಿ ಒಬ್ಬನನ್ನು ಫೇಸ್‌ಬುಕ್‌ನಲ್ಲಿ ಏನೋ ಬರೆದ ಅಂತ ಕೆಲಸದಿಂದ ತೆಗೆದರು, ಇದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಅಲ್ವಾ ಅಂತ ಕೇಳಿದರು. ಮೇಷ್ಟ್ರು ಪುಸ್ತಕ ತೆಗೆಸಿ ಆ ತಿದ್ದುಪಡಿಯನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿದರು. ಕಾಂಗ್ರೆಸ್ ಇಂಥ ಕಾನೂನು ಮಾಡಕೂಡದು ಅಂತಲೇ ಅದು ಶುರುವಾಗುವುದು. ಯಾರ ಕೈ ಕಟ್ಟಿದೆ? ಸರ್ಕಾರದ್ದು. ಖಾಸಗಿ ಕಂಪನಿಯ ಕೈಯನ್ನು ಈ ತಿದ್ದುಪಡಿ ಮುಟ್ಟುವುದೇ ಇಲ್ಲ. ಹಾಗಂತ ಕಂಪನಿ ಏನು ಬೇಕಾದರೂ ಮಾಡಬಹುದು ಅಂತಲೂ ಅಲ್ಲ. ಸಹೋದ್ಯೋಗಿಗಳ ಜೊತೆ ಸಂಬಳ, ಕೆಲಸದ ಸ್ಥಿತಿಗತಿ ಮಾತಾಡಿದ್ದಕ್ಕೆ ತೆಗೆದರೆ 1935ರ ಕಾರ್ಮಿಕ ಕಾಯ್ದೆ ಅಡ್ಡ ಬರುತ್ತದೆ. ಆದರೆ ಅದು ಸಂವಿಧಾನದ ಹಕ್ಕಲ್ಲ, ಕಾಯ್ದೆ ಕೊಟ್ಟ ಹಕ್ಕು. ಈ ವ್ಯತ್ಯಾಸ ಇಲ್ಲಿ ಕೆಲಸಕ್ಕೆ ಹೋಗುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಅದೇ ಕಾರಣಕ್ಕೆ ಪಬ್ಲಿಕ್ ಶಾಲೆಗೂ ಖಾಸಗಿ ಶಾಲೆಗೂ ಲೆಕ್ಕ ಬೇರೆ. ವಿಯೆಟ್ನಾಂ ಯುದ್ಧ ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದ ಮಕ್ಕಳನ್ನು ಅಯೋವಾ ರಾಜ್ಯದ ಡೆ ಮೊಯಿನ್‌ನ ಪಬ್ಲಿಕ್ ಶಾಲೆ ಮನೆಗೆ ಕಳಿಸಿತ್ತು. ಅವರಲ್ಲಿ ಮೇರಿ ಬೆತ್ ಟಿಂಕರ್‌ಗೆ ಆಗ 13 ವರ್ಷ. 1969ರಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ ಮಕ್ಕಳ ಪರ ತೀರ್ಪು ಕೊಟ್ಟಿತು. ಪಬ್ಲಿಕ್ ಶಾಲೆ ಅಂದರೆ ಸರ್ಕಾರ, ಅದಕ್ಕೇ ಅದರ ಕೈ ಕಟ್ಟಿದೆ.

ಮೂರು ಅಂಗಗಳ ಪಾಠವನ್ನು ಪಟ್ಟಿ ಹಾಕಿ ಮುಗಿಸದೆ ಒಂದೇ ಜಗಳದ ಮೇಲೆ ನಿಲ್ಲಿಸಿದ್ದು ಬಹಳ ಚೆನ್ನಾಗಿತ್ತು. 1952ರ ಏಪ್ರಿಲ್. ಕೊರಿಯಾದಲ್ಲಿ ಯುದ್ಧ ನಡೆಯುತ್ತಿದೆ, ಉಕ್ಕಿನ ಕಾರ್ಖಾನೆಗಳಲ್ಲಿ ಮುಷ್ಕರ ಇನ್ನೇನು ಶುರುವಾಗಬೇಕು. ಪ್ರೆಸಿಡೆಂಟ್ ಟ್ರೂಮನ್ ಕಾರ್ಖಾನೆಗಳನ್ನೇ ಸರ್ಕಾರದ ವಶಕ್ಕೆ ತೆಗೆದುಕೊಳ್ಳಿ ಅಂತ ಆದೇಶ ಹೊರಡಿಸಿದರು. ಮೇಷ್ಟ್ರು ನಮ್ಮನ್ನು ಗುಂಪು ಮಾಡಿ ಕೂರಿಸಿದರು. ನಮ್ಮ ಗುಂಪಿಗೆ ಬಂದದ್ದು ಟ್ರೂಮನ್ ಪರ ವಾದ. ನನ್ನ ಪಕ್ಕ ಕೂತಿದ್ದ ಫಿಲಿಪೀನ್ಸ್‌ನ ನರ್ಸ್ ಒಬ್ಬರು ಎಷ್ಟು ಆವೇಶದಿಂದ ಮಾತಾಡಿದರು ಅಂದರೆ, ಅಲ್ಲಿ ಸೈನಿಕರು ಸಾಯುತ್ತಿರುವಾಗ ಮದ್ದುಗುಂಡಿಗೆ ಉಕ್ಕಿಲ್ಲ ಅಂತ ಕೈಕಟ್ಟಿ ಕೂರುವುದಕ್ಕಾ ಪ್ರೆಸಿಡೆಂಟ್ ಇರುವುದು ಅಂದಾಗ ಎದುರು ಗುಂಪು ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಆ ಕಡೆಯಿಂದ ಒಬ್ಬ ಕಾಲೇಜು ಹುಡುಗ ಹೇಳಿದ ಮಾತು ಇಷ್ಟು: ಮುಷ್ಕರ ಬಂದರೆ ಏನು ಮಾಡಬೇಕು ಅಂತ ಕಾಂಗ್ರೆಸ್ 1947ರಲ್ಲೇ ಕಾಯ್ದೆ ಮಾಡಿದೆ, ಆಗ ಕಾರ್ಖಾನೆ ವಶಪಡಿಸಿಕೊಳ್ಳುವ ಅಧಿಕಾರ ಕೊಡಬೇಕಾ ಅಂತ ಚರ್ಚೆಗೆ ಬಂದು ಬೇಡ ಅಂತ ಬಿಟ್ಟಿದ್ದಾರೆ, ಬೇಡ ಅಂದದ್ದನ್ನೇ ಪ್ರೆಸಿಡೆಂಟ್ ಮಾಡಿದರೆ ಕಾಂಗ್ರೆಸ್ ಯಾಕೆ ಬೇಕು? ನಿಜವಾದ ಕೋರ್ಟ್ ಕೂಡ ಜೂನ್ 2ರಂದು 6-3ರಲ್ಲಿ ಟ್ರೂಮನ್ ವಿರುದ್ಧ ತೀರ್ಪು ಕೊಟ್ಟಿತು. ಟ್ರೂಮನ್ ಕಾರ್ಖಾನೆಗಳನ್ನು ವಾಪಸ್ ಕೊಟ್ಟರು.

ಆ ತೀರ್ಪಿನಲ್ಲಿ ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಬೇರೆಯಾಗಿ ಬರೆದ ಅಭಿಪ್ರಾಯ ಇದೆ, ಅದನ್ನು ಮೇಷ್ಟ್ರು ನಿಧಾನವಾಗಿ ಬಿಡಿಸಿ ಹೇಳಿದರು. ಕಾಂಗ್ರೆಸ್ ಒಪ್ಪಿಗೆ ಕೊಟ್ಟದ್ದನ್ನು ಮಾಡುವಾಗ ಪ್ರೆಸಿಡೆಂಟ್ ಬಲ ಎಲ್ಲಕ್ಕಿಂತ ಜಾಸ್ತಿ. ಕಾಂಗ್ರೆಸ್ ಏನೂ ಹೇಳದೆ ಇದ್ದಾಗ ಮಸುಕು ಮಸುಕು. ಕಾಂಗ್ರೆಸ್ ಬೇಡ ಅಂದದ್ದನ್ನು ಮಾಡುವಾಗ ಬಲ ಎಲ್ಲಕ್ಕಿಂತ ಕಡಿಮೆ. ಈ ಮೂರು ಮೆಟ್ಟಿಲು ತಲೆಯಲ್ಲಿ ಇಟ್ಟುಕೊಂಡು ಈಗಿನ ಸುದ್ದಿ ಓದಿ ನೋಡಿ. ಯಾವ ಪಕ್ಷದ ಪ್ರೆಸಿಡೆಂಟ್ ಆಗಲಿ, ಆದೇಶ ಹೊರಬಿದ್ದ ತಕ್ಷಣ ವಕೀಲರು ಇದನ್ನೇ ಅಳೆಯುತ್ತಾರೆ.

ಮಾರ್ಬರಿ ಕೇಸ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲ ಕಡೆ ಸಿಗುತ್ತದೆ. ಸಂವಿಧಾನಕ್ಕೆ ವಿರುದ್ಧವಾದ ಕಾಯ್ದೆಯನ್ನು ಕೋರ್ಟ್ ತಳ್ಳಿಹಾಕಬಹುದು ಅಂತ 1803ರಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಹೇಳಿದ್ದು ಅದರಲ್ಲೇ. ಮೇಷ್ಟ್ರು ತೋರಿಸಿದ ಒಂದು ಸಂಗತಿ ಮಾತ್ರ ನನಗೆ ಹೊಸದು. ಮಾರ್ಬರಿ ಅನ್ನುವವರು ಕೋರ್ಟಿಗೆ ಹೋದದ್ದೇ ತಮ್ಮ ಸರ್ಕಾರಿ ನೇಮಕದ ಪತ್ರ ಕೈಗೆ ಬರಲಿಲ್ಲ ಅಂತ, ಆ ಪತ್ರವನ್ನು ಸಮಯಕ್ಕೆ ತಲುಪಿಸಬೇಕಾಗಿದ್ದ ವಿದೇಶಾಂಗ ಕಾರ್ಯದರ್ಶಿ ಆಗ ಇದೇ ಮಾರ್ಷಲ್!

ಈಗ ಕೊರತೆಗೆ ಬರುತ್ತೇನೆ. ಕೇಂದ್ರ ಸರ್ಕಾರ ಮತ್ತು ರಾಜ್ಯಗಳ ನಡುವಿನ ಸಂಬಂಧದ ಪಾಠ ತೀರಾ ಅವಸರದಲ್ಲಿ ಮುಗಿಯಿತು. ಒಂದೇ ಸಂಜೆ, ಅದರಲ್ಲೂ ಅರ್ಧ ಹೊತ್ತು ಎಲೆಕ್ಟೋರಲ್ ಕಾಲೇಜಿನ, ಅಂದರೆ ಪ್ರೆಸಿಡೆಂಟ್ ಚುನಾವಣೆಯಲ್ಲಿ ರಾಜ್ಯಗಳಿಗೆ ಹಂಚುವ 538 ಮತಗಳ ಲೆಕ್ಕಕ್ಕೇ ಹೋಯಿತು. ನನ್ನ ಪ್ರಕಾರ ಇದು ಸಣ್ಣ ತಪ್ಪಲ್ಲ, ಯಾಕಂದರೆ ಮೇಷ್ಟ್ರ ಪ್ರಶ್ನೆಗೆ ಉತ್ತರ ಬದಲಾಗುವ ಜಾಗವೇ ಇದು. 1791ರ ಹಕ್ಕುಗಳ ಪಟ್ಟಿ, ಅಂದರೆ ಮೊದಲ ಹತ್ತು ತಿದ್ದುಪಡಿಗಳು, ಶುರುವಿನಲ್ಲಿ ಕಟ್ಟಿದ್ದು ಕೇಂದ್ರ ಸರ್ಕಾರದ ಕೈಯನ್ನು ಮಾತ್ರ. ಬಾಲ್ಟಿಮೋರ್‌ನಲ್ಲಿ ಬ್ಯಾರನ್ ಅನ್ನುವವರಿಗೆ ಒಂದು ಹಡಗುಕಟ್ಟೆ ಇತ್ತು. ನಗರಸಭೆ ಮಾಡಿದ ಕಾಮಗಾರಿಯಿಂದ ಮರಳು ಬಂದು ತುಂಬಿ ನೀರಿನ ಆಳವೇ ಹೋಯಿತು. ಪರಿಹಾರ ಕೊಡಿ ಅಂತ ಅವರು ಐದನೇ ತಿದ್ದುಪಡಿ ಹಿಡಿದು ಕೋರ್ಟಿಗೆ ಹೋದರು. 1833ರಲ್ಲಿ ಬಂದ ಉತ್ತರ: ಈ ಪಟ್ಟಿ ರಾಜ್ಯಗಳಿಗೂ ನಗರಗಳಿಗೂ ಅನ್ವಯಿಸುವುದಿಲ್ಲ.

ಅಂದರೆ ರಾಜ್ಯವೊಂದು ಜನರ ಬಾಯಿ ಮುಚ್ಚಿಸಿದರೂ ಈ ಪಟ್ಟಿ ಕಾಯುತ್ತಿರಲಿಲ್ಲ. ಅಂತರ್ಯುದ್ಧ ಮುಗಿದು 1868ರಲ್ಲಿ ರಾಜ್ಯಗಳ ಕೈಯನ್ನೂ ಕಟ್ಟುವ 14ನೇ ತಿದ್ದುಪಡಿ ಬಂದ ಮೇಲೆ ಬಾಗಿಲು ತೆರೆಯಿತು, ಆದರೂ ಹಕ್ಕುಗಳು ಒಂದೊಂದಾಗಿಯೇ ಒಳಗೆ ಬಂದವು. ವಾಕ್ ಸ್ವಾತಂತ್ರ್ಯ ರಾಜ್ಯಗಳಿಗೂ ಅನ್ವಯ ಅಂತ ಕೋರ್ಟ್ ಒಪ್ಪಿಕೊಂಡದ್ದು 1925ರಲ್ಲಿ. ಅತಿಯಾದ ದಂಡ ಹಾಕಬಾರದು ಅನ್ನುವುದು ರಾಜ್ಯಗಳಿಗೆ ಅನ್ವಯವಾದದ್ದು 2019ರಲ್ಲಿ, ಅದೂ ಇಂಡಿಯಾನಾ ರಾಜ್ಯ ಒಬ್ಬನ ಸುಮಾರು 42,000 ಡಾಲರ್ ಬೆಲೆಯ ಲ್ಯಾಂಡ್ ರೋವರ್ ಕಾರನ್ನು ಜಪ್ತಿ ಮಾಡಿದ ಕೇಸಿನಲ್ಲಿ. ಅವನು ಮಾಡಿದ ಅಪರಾಧಕ್ಕೆ ಗರಿಷ್ಠ ದಂಡ ಇದ್ದದ್ದು 10,000 ಡಾಲರ್! ಈ ಕಥೆಗೆ ಇನ್ನೊಂದು ಸಂಜೆ ಕೊಡಲೇಬೇಕಿತ್ತು. ಬ್ಯಾರನ್ ಕೇಸ್ ಗೊತ್ತಿಲ್ಲದೆ 14ನೇ ತಿದ್ದುಪಡಿಯ ದೊಡ್ಡತನ ಅರ್ಥ ಆಗುವುದಿಲ್ಲ. ಕ್ಲಾಸಿನ ಕೊನೆಗೆ ಅಭಿಪ್ರಾಯ ಬರೆಯಲು ಕೊಟ್ಟ ಕಾಗದದಲ್ಲೂ ನಾನು ಇದನ್ನೇ ಬರೆದೆ.

ನಾಗರಿಕ ಹಕ್ಕುಗಳ ಪಾಠಕ್ಕೆ ಬಂದರೆ ಈ ಕ್ಲಾಸಿಗೆ ಸಾಟಿ ಇಲ್ಲ. ಹೊರಗೆ ಸಾಮಾನ್ಯವಾಗಿ ಕೇಳುವ ಕಥೆ ಹೀಗಿರುತ್ತದೆ: 1896ರ ಪ್ಲೆಸಿ ತೀರ್ಪು ಕಪ್ಪು ಜನರನ್ನೂ ಬಿಳಿಯರನ್ನೂ ಬೇರೆ ಬೇರೆ ಕೂರಿಸಿದರೂ ಸಮಾನವಾಗಿದ್ದರೆ ಸರಿ ಅಂದಿತು, 1954ರ ಬ್ರೌನ್ ತೀರ್ಪು ಶಾಲೆಗಳಲ್ಲಿ ಅದು ನಡೆಯುವುದಿಲ್ಲ ಅಂದಿತು, ಆಮೇಲೆ ಚಳವಳಿ, ಆಮೇಲೆ 1964ರ ನಾಗರಿಕ ಹಕ್ಕುಗಳ ಕಾಯ್ದೆ. ಮೇಷ್ಟ್ರು ಅದನ್ನು ಹೇಳಿ ಅಲ್ಲಿಗೇ ಬಿಡಲಿಲ್ಲ. ಬ್ರೌನ್ ಕೇಸ್ ಕಟ್ಟಿದ್ದು ಸರ್ಕಾರಿ ಶಾಲೆಗಳ ಕೈಯನ್ನು, ಸರಿ. ಊಟದ ಹೋಟೆಲಿನವನು ಕಪ್ಪು ಜನರಿಗೆ ಒಳಗೆ ಜಾಗ ಇಲ್ಲ ಅಂದರೆ? ಅವನು ಸರ್ಕಾರ ಅಲ್ಲವಲ್ಲ. 1875ರಲ್ಲೇ ಕಾಂಗ್ರೆಸ್ ಇಂಥ ಭೇದ ಮಾಡಬಾರದು ಅಂತ ಕಾಯ್ದೆ ಮಾಡಿತ್ತು. 1883ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 8-1ರಲ್ಲಿ ತಳ್ಳಿಹಾಕಿತು, 14ನೇ ತಿದ್ದುಪಡಿ ಹಿಡಿಯುವುದು ರಾಜ್ಯಗಳನ್ನು, ಖಾಸಗಿ ಜನರನ್ನಲ್ಲ ಅಂತ. ಒಪ್ಪದೆ ಬರೆದವರು ಜಾನ್ ಹಾರ್ಲನ್ ಒಬ್ಬರೇ. ಆ ತೀರ್ಪಿನಿಂದ 1964ರವರೆಗೆ ಲೆಕ್ಕ ಹಾಕಿ. 80 ವರ್ಷಕ್ಕೂ ಜಾಸ್ತಿ, ಮೂರು ನಾಲ್ಕು ತಲೆಮಾರು ಹಿಂದಿನ ಬಾಗಿಲಲ್ಲಿ ನಿಂತು ಊಟದ ಪೊಟ್ಟಣ ತೆಗೆದುಕೊಂಡು ಹೋದರು.

1964ರಲ್ಲಿ ಕಾಂಗ್ರೆಸ್ ಮುಖ್ಯವಾಗಿ ಬೇರೆ ದಾರಿ ಹಿಡಿಯಿತು. ಸಂವಿಧಾನದ ಮೊದಲ ವಿಧಿಯಲ್ಲಿ ರಾಜ್ಯರಾಜ್ಯಗಳ ನಡುವಿನ ವ್ಯಾಪಾರವನ್ನು ನಿಯಂತ್ರಿಸುವ ಅಧಿಕಾರ ಕಾಂಗ್ರೆಸ್‌ಗೆ ಇದೆ. ಅದನ್ನು ಹಿಡಿದು ಹೋಟೆಲು, ಲಾಡ್ಜು, ಚಿತ್ರಮಂದಿರಗಳಿಗೆ ಭೇದ ಮಾಡಬೇಡಿ ಅಂದಿತು. ಅಟ್ಲಾಂಟಾದ 216 ಕೋಣೆಗಳ ಒಂದು ಮೋಟೆಲ್ ಕೋರ್ಟಿಗೆ ಹೋಗಿ ಸೋತಿತು. ಅಲ್ಲಿ ತಂಗುವವರಲ್ಲಿ ಸುಮಾರು ಮುಕ್ಕಾಲು ಪಾಲು ಹೊರರಾಜ್ಯದವರು, ಹಾಗಾಗಿ ಅದು ಸುಲಭ. ಆದರೆ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನ ಆಲೀಸ್ ಬಾರ್ಬೆಕ್ಯೂ? ಒಂದು ಕುಟುಂಬ ನಡೆಸುವ ಊರಿನ ಹೋಟೆಲು. ಕೆಲಸ ಮಾಡುವವರಲ್ಲಿ ಜಾಸ್ತಿ ಜನ ಕಪ್ಪು ಜನರೇ, ಆದರೆ ಅವರ ಅಣ್ಣತಮ್ಮಂದಿರು ಒಳಗೆ ಕೂತು ತಿನ್ನುವ ಹಾಗಿಲ್ಲ, ಪೊಟ್ಟಣ ಕಟ್ಟಿಸಿಕೊಂಡು ಹೋಗಬೇಕು. ಮೇಷ್ಟ್ರು ಬೋರ್ಡಿನ ಮೇಲೆ ಒಂದು ತಟ್ಟೆ ಬರೆದರು. ಅದರಿಂದ ಹಿಂದಕ್ಕೆ ಗೆರೆ ಎಳೆದು ಅಂಗಡಿ, ಅಂಗಡಿಯಿಂದ ಹಿಂದಕ್ಕೆ ಲಾರಿ, ಲಾರಿಯಿಂದ ರಾಜ್ಯದ ಗಡಿ. ಆ ಹೋಟೆಲು ಒಂದು ವರ್ಷದಲ್ಲಿ ಕೊಂಡ ಸುಮಾರು 1,50,000 ಡಾಲರ್ ಸಾಮಾನಿನಲ್ಲಿ 69,683 ಡಾಲರ್‌ನಷ್ಟು, ಅಂದರೆ 46 ಪರ್ಸೆಂಟ್, ಹೊರರಾಜ್ಯದಿಂದ ಬಂದ ಮಾಂಸ. ಅದನ್ನೂ ಅವರು ಕೊಂಡದ್ದು ಊರಿನ ವ್ಯಾಪಾರಿಯಿಂದಲೇ. ಅಷ್ಟು ಎಳೆ ಸಾಕಾಯಿತು. 1964ರ ಡಿಸೆಂಬರ್ 14ರಂದು ಎರಡೂ ಕೇಸುಗಳಲ್ಲಿ ಒಂಬತ್ತೂ ಜನ ನ್ಯಾಯಮೂರ್ತಿಗಳು ಕಾಯ್ದೆ ಸರಿ ಅಂದರು.

ಆಗ ಹಿಂದಿನ ಸಾಲಿನಿಂದ ಹೈಟಿ ದೇಶದ ಒಬ್ಬ ಹೆಂಗಸು ಎದ್ದರು. ಅವರಿಗೆ ಸಿಟ್ಟು ಬಂದಿತ್ತು. ಮನುಷ್ಯರ ಮರ್ಯಾದೆಗೆ ಮಾಂಸದ ಲಾರಿ ಬಂದು ಸಾಕ್ಷಿ ಹೇಳಬೇಕಾಯಿತಾ ಅಂತ ಕೇಳಿದರು. ರೂಮು ಪೂರ್ತಿ ಸುಮ್ಮನಾಯಿತು. ಮೇಷ್ಟ್ರು ಸಮಜಾಯಿಷಿ ಕೊಡಲು ಹೋಗಲಿಲ್ಲ. ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅವರಿಗೂ ಇದೇ ಅಸಮಾಧಾನ ಇತ್ತು, ವ್ಯಾಪಾರಕ್ಕಿಂತ 14ನೇ ತಿದ್ದುಪಡಿಯ ಮೇಲೆಯೇ ಇದನ್ನು ನಿಲ್ಲಿಸಬೇಕು ಅಂತ ಅವರು ಬೇರೆಯಾಗಿ ಬರೆದರು ಅಂದು ಆ ಪುಟವನ್ನು ಎಲ್ಲರಿಗೂ ಹಂಚಿದರು. ನಾನು ಆ ಪುಟ ಮನೆಗೆ ತಂದು ಇನ್ನೊಮ್ಮೆ ಓದಿದೆ. ಆ ಹೆಂಗಸು ಕೇಳಿದ್ದು ನನಗೂ ನೂರಕ್ಕೆ ನೂರು ಸರಿ ಅನ್ನಿಸಿತು. ಜೊತೆಗೆ, 1883ರ ಗೋಡೆ ಎದುರಿಗೆ ನಿಂತಿರುವಾಗ ಸಿಕ್ಕ ಬಾಗಿಲಿನಿಂದ ಒಳಗೆ ನುಗ್ಗಿದವರ ಬುದ್ಧಿವಂತಿಕೆಯೂ ದೊಡ್ಡದೇ.

ಇದೇ ಕಾಯ್ದೆಯ ಏಳನೇ ಭಾಗ ನಮ್ಮ ಜನಕ್ಕೆ ದಿನನಿತ್ಯ ಬೇಕಾದದ್ದು. 15 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಂಪನಿ ಜನಾಂಗ, ಬಣ್ಣ, ಧರ್ಮ, ಲಿಂಗ, ಮೂಲ ದೇಶ ನೋಡಿ ಕೆಲಸದಲ್ಲಿ ಭೇದ ಮಾಡುವ ಹಾಗಿಲ್ಲ. ದೂರು ಕೊಡಲು ಸಾಮಾನ್ಯವಾಗಿ 180 ದಿನ, ಬಹಳಷ್ಟು ರಾಜ್ಯಗಳಲ್ಲಿ 300 ದಿನ. ಆಮೇಲೆ ನೋಡೋಣ ಅಂತ ಕೂತರೆ ಗಡುವು ದಾಟಿಹೋಗುತ್ತದೆ. ಮೇಷ್ಟ್ರು ಇದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಕ್ಲಾಸ್ ಮುಗಿಯುವವರೆಗೂ ಅಳಿಸಲಿಲ್ಲ.

ಆರೋಪಿಗಳ ಹಕ್ಕಿನ ಸಂಜೆ ಮೇಷ್ಟ್ರ ಸ್ವಂತ ಕ್ಷೇತ್ರ, ಅದು ಗೊತ್ತಾಗುತ್ತದೆ. ಒಂದು ಜೆರಾಕ್ಸ್ ಹಂಚಿದರು. ಜೈಲಿನ ಗೆರೆ ಹಾಕಿದ ಕಾಗದ, ಅದರ ಮೇಲೆ ಪೆನ್ಸಿಲಿನಲ್ಲಿ ಜೋಪಾನವಾಗಿ ಬರೆದ ಅಕ್ಷರ, ಅಲ್ಲಲ್ಲಿ ಕಾಗುಣಿತದ ತಪ್ಪು. ಕ್ಲಾರೆನ್ಸ್ ಗಿಡಿಯನ್ ಫ್ಲಾರಿಡಾದ ಜೈಲಿನಿಂದ ಸುಪ್ರೀಂ ಕೋರ್ಟಿಗೆ ಕಳಿಸಿದ ಅರ್ಜಿ ಅದು. 1961ರಲ್ಲಿ ಫ್ಲಾರಿಡಾದ ಪನಾಮಾ ಸಿಟಿ ಅನ್ನುವ ಊರಿನ ಒಂದು ಪೂಲ್ ಆಟದ ಅಂಗಡಿಗೆ ನುಗ್ಗಿದ ಅಂತ ಅವನನ್ನು ಹಿಡಿದಿದ್ದರು. ವಕೀಲರನ್ನು ಕೊಡಿ ಅಂತ ಕೇಳಿದ. ಮರಣದಂಡನೆ ಆಗಬಹುದಾದ ಕೇಸಿಗೆ ಮಾತ್ರ ಕೊಡುತ್ತೇವೆ ಅಂದರು. ಅವನೇ ವಾದಿಸಿಕೊಂಡ, ಸೋತ, ಐದು ವರ್ಷ ಜೈಲು. 1963ರ ಮಾರ್ಚ್ 18ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ, ಗಂಭೀರ ಅಪರಾಧದ ಆರೋಪ ಇರುವ ಬಡವನಿಗೆ ರಾಜ್ಯವೇ ವಕೀಲರನ್ನು ಕೊಡಬೇಕು ಅಂತ ತೀರ್ಪು ಕೊಟ್ಟಿತು. ಅದೇ ಆಗಸ್ಟ್‌ನಲ್ಲಿ ಮತ್ತೆ ವಿಚಾರಣೆ ನಡೆಯಿತು, ಈ ಸಲ ವಕೀಲರಿದ್ದರು, ಜ್ಯೂರಿ ನಿರ್ದೋಷಿ ಅಂದಿತು. ನಾನು ಮೂವತ್ತು ಚಿಲ್ಲರೆ ವರ್ಷ ಮಾಡಿದ ಕೆಲಸ ಹುಟ್ಟಿದ್ದು ಈ ಕಾಗದದಿಂದ ಅಂತ ಮೇಷ್ಟ್ರು ಹೇಳುವಾಗ ಅವರ ದನಿ ಬೇರೆಯೇ ಆಗಿತ್ತು. ಒಬ್ಬರು ಇಮಿಗ್ರೇಷನ್ ಕೋರ್ಟಿನಲ್ಲೂ ಹೀಗೇನಾ ಅಂತ ಕೇಳಿದರು. ಇಲ್ಲ. ಅದು ಕ್ರಿಮಿನಲ್ ಕೇಸ್ ಅಲ್ಲ, ಹಾಗಾಗಿ ವಕೀಲರನ್ನು ಇಟ್ಟುಕೊಳ್ಳಬಹುದು, ಆದರೆ ಸರ್ಕಾರದ ಖರ್ಚಿನಲ್ಲಿ ಸಿಗುವುದಿಲ್ಲ. ನೆನಪಿಟ್ಟುಕೊಳ್ಳಿ.

ನನಗೆ ಬೇಸರ ತಂದ ಇನ್ನೊಂದು ಕೊರತೆ ಇದೆ. ನಮ್ಮಂಥವರ ಕಥೆ ಪಾಠದ ಪಟ್ಟಿಯಲ್ಲೇ ಇರಲಿಲ್ಲ. ಕೇಳಿದ ಮೇಲೆ ಮೇಷ್ಟ್ರು ಅರ್ಧ ಗಂಟೆ ಕೊಟ್ಟರು, ಅದು ಅವರ ದೊಡ್ಡತನ. ಆದರೆ ಕೇಳುವವರು ಇಲ್ಲದಿದ್ದರೆ? 1886ರ ಯಿಕ್ ವೋ ಕೇಸಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಧೋಬಿಗಳು, ಕಾನೂನಿನ ಅಕ್ಷರ ಎಲ್ಲರಿಗೂ ಒಂದೇ ಇದ್ದರೂ ಜಾರಿ ಮಾಡುವಾಗ ಭೇದ ಮಾಡಿದರೆ ಅದೂ ತಪ್ಪು ಅಂತ ಗೆದ್ದರು. 1898ರಲ್ಲಿ ವಾಂಗ್ ಕಿಮ್ ಆರ್ಕ್ ಈ ನೆಲದಲ್ಲಿ ಹುಟ್ಟಿದ ನಾನು ಇಲ್ಲಿನ ಪ್ರಜೆ ಅಂತ ಗೆದ್ದರು. 1923ರಲ್ಲಿ ಪೌರತ್ವ ಕೇಳಿದ ಭಾರತೀಯ ಭಗತ್ ಸಿಂಗ್ ಥಿಂಡ್ (ಕ್ರಾಂತಿಕಾರಿ ಭಗತ್ ಸಿಂಗ್ ಅಲ್ಲ) ಸೋತರು. ಮೊದಲನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು, ಆದರೂ ಆಗಿನ ಕಾಯ್ದೆಯ ಪ್ರಕಾರ ನೀವು ಬಿಳಿಯರಲ್ಲ, ಪೌರತ್ವ ಇಲ್ಲ ಅಂದಿತು ಕೋರ್ಟ್. ಅದಾದ ಮೇಲೆ ಮೊದಲೇ ಪೌರತ್ವ ಸಿಕ್ಕಿದ್ದ ಇತರ ಭಾರತೀಯರಿಂದಲೂ ಅದನ್ನು ಕಿತ್ತುಕೊಂಡರು. ಭಾರತೀಯರು ಪ್ರಜೆಗಳಾಗಬಹುದು ಅಂತ ಕಾಯ್ದೆ ಬಂದದ್ದು 1946ರಲ್ಲಿ, ಅದೂ ವರ್ಷಕ್ಕೆ 100 ಜನ ಮಾತ್ರ ವಲಸೆ ಬರಬಹುದು ಅನ್ನುವ ಮಿತಿಯೊಂದಿಗೆ. ನಾವು ಎನ್-400 ತುಂಬುವ ಮೊದಲು ಇಷ್ಟು ಜನ ಕೋರ್ಟು ಮೆಟ್ಟಿಲು ಹತ್ತಿ ಇಳಿದಿದ್ದಾರೆ. ಈ ಪಾಠ ಪಟ್ಟಿಯಲ್ಲಿ ಇರಲೇಬೇಕು.

ಇನ್ನು ಸಣ್ಣಪುಟ್ಟ ತಕರಾರು. ಹಂಚಿದ ಪ್ರಶ್ನೆಪಟ್ಟಿ ಹಳೆಯ 100ರದ್ದು, ಹೊಸ ಅರ್ಜಿದಾರರು ಅದನ್ನು ನಂಬಿಕೊಂಡು ಕೂರಬೇಡಿ, ಸರ್ಕಾರದ ಸೈಟ್‌ನಿಂದ 128ರ ಪಟ್ಟಿ ತೆಗೆದುಕೊಳ್ಳಿ. ರೂಮಿನಲ್ಲಿ ಮೈಕ್ ಇಲ್ಲ, ಹಿಂದೆ ಕೂತರೆ ಮೇಷ್ಟ್ರ ಮಾತು ಕೇಳುವುದಿಲ್ಲ. ಒಂದು ಸಂಜೆ ತಪ್ಪಿಸಿಕೊಂಡರೆ ರೆಕಾರ್ಡಿಂಗ್ ಸಿಗುವುದಿಲ್ಲ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ ಅಂತ ಇಬ್ಬರು ಮೂವರು ಕೇಳಿದ್ದಾರೆ. ಹೋಗಬಹುದು, ಆದರೆ ಪಾಠ ಪೂರ್ತಿ ಇಂಗ್ಲಿಷ್, ಮೇಷ್ಟ್ರ ಮಾತಿನ ವೇಗವೂ ಜಾಸ್ತಿ. ಅವರ ಪರೀಕ್ಷೆಗೆ ಅಷ್ಟೆಲ್ಲ ಬೇಕಿಲ್ಲ. 50 ವರ್ಷ ದಾಟಿ 20 ವರ್ಷ ಗ್ರೀನ್ ಕಾರ್ಡ್ ಇದ್ದವರಿಗೆ, ಅಥವಾ 55 ದಾಟಿ 15 ವರ್ಷ ಇದ್ದವರಿಗೆ ಇಂಗ್ಲಿಷ್ ಪರೀಕ್ಷೆ ಇಲ್ಲ. ಸಿವಿಕ್ಸ್ ಪ್ರಶ್ನೆಗಳಿಗೆ ದುಭಾಷಿ ಇಟ್ಟುಕೊಂಡು ಕನ್ನಡದಲ್ಲೇ ಉತ್ತರ ಹೇಳಬಹುದು. 65 ದಾಟಿ 20 ವರ್ಷ ಇದ್ದವರಿಗೆ ಓದಬೇಕಾದ ಪಟ್ಟಿಯೇ 20 ಪ್ರಶ್ನೆಗಳದ್ದು, 10 ಕೇಳುತ್ತಾರೆ, 6 ಸರಿ ಇದ್ದರೆ ಸಾಕು. ಅರ್ಜಿಯ ಫೀಸ್ ಆನ್‌ಲೈನ್ ಆದರೆ 710 ಡಾಲರ್, ಕಾಗದದಲ್ಲಿ ಕಳಿಸಿದರೆ 760.

ಕ್ಲಾಸಿಗೆ ಹೆಸರು ಕೊಡುವುದು ಲೈಬ್ರರಿಯ ಮುಂದಿನ ಕೌಂಟರಿನಲ್ಲೇ, ಆನ್‌ಲೈನ್ ಇಲ್ಲ. ಸೀಟು ಬೇಗ ತುಂಬುತ್ತದೆ, ನೋಟಿಸ್ ಹಾಕಿದ ವಾರವೇ ಹೋಗಿ ಬರೆಸಿ. ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ. ರಾಜ್ಯಗಳ ಪಾಠ ಬಂದ ದಿನ ಬ್ಯಾರನ್ ಕೇಸ್ ಬಗ್ಗೆ ನೀವೇ ಕೈ ಎತ್ತಿ ಕೇಳಿ, ಕೇಳಿದರೆ ಮೇಷ್ಟ್ರು ಎಷ್ಟು ಹೊತ್ತಾದರೂ ಹೇಳುತ್ತಾರೆ.